ಪದಚರ್ಚೆ: ಪ್ಯಾರಾಫಿನ್, ವೈಟ್ ಗ್ಯಾಸ್, ಗ್ಯಾಸ್‌ಲೈಟ್ – ಯಾವುದಕ್ಕೆ ಯಾವ ಎಣ್ಣೆ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನಲ್ಲಿ ಹಳೆಕಾಲದ ಪಂಪ್ ಸ್ಟೌವ್, ಪೆಟ್ರೋಮ್ಯಾಕ್ಸ್, ಅದರಂತೆಯೇ ಪಂಪ್ ಮಾಡಿ ಉರಿಸುವ ಟಿಲ್ಲಿ ದೀಪ, ಲಾಟೀನುಗಳನ್ನು ಕೂಡಿಟ್ಟುಕೊಂಡವರು ವಾರದ ಕೊನೆಗೆ ಯಾವುದಾದರೂ ಹುಲ್ಲುಗಾವಲಿನಲ್ಲಿ ಡೇರೆ ಹಾಕಿ ಸೇರುವುದುಂಟು. ಹಗಲೆಲ್ಲ ಸ್ಟೌವ್ ಬಿಚ್ಚುವುದು, ಜೋಡಿಸುವುದು, ಬಿಡಿಭಾಗ ಅದಲುಬದಲು ಮಾಡಿಕೊಳ್ಳುವುದು, ಅದರ ಮೇಲೇ ಅಡುಗೆ. ಕತ್ತಲಾದ ಮೇಲೆ ದೀಪಗಳನ್ನು ಸಾಲಾಗಿ ಹಚ್ಚುವುದು. ಇಂಥ ಕೂಟಕ್ಕೆ ಬರುವ ಹೊಸಬರಿಗೆಂದು ಬರೆದ ಸೂಚನಾ ಹಾಳೆಯನ್ನು ಕನ್ನಡಕ್ಕೆ ತರಬೇಕಿದೆ. ಕೆಲವು ಪದಗಳಲ್ಲಿ ಸಿಕ್ಕಿಬಿದ್ದಿದ್ದೇನೆ.

‘ಟ್ಯಾಂಕಿಗೆ ಪ್ಯಾರಾಫಿನ್ ತುಂಬಿ’ ಎಂದಿದೆ. ನಿಘಂಟಿನಲ್ಲಿ ಪ್ಯಾರಾಫಿನ್ ಎಂದರೆ ಮೇಣ. ಮೇಣ ತುಂಬುವುದು ಹೇಗೆ? ಇನ್ನೊಂದು ಕಡೆ ‘ವೈಟ್ ಗ್ಯಾಸ್’ ಎಂದಿದೆ. ‘ಬಿಳಿ ಅನಿಲ’ ಎನ್ನಬಹುದೆ? ಬರ್ನರಿನಲ್ಲಿ ರೋರರ್, ಸೈಲೆಂಟ್ ಎಂದು ಎರಡು ಜಾತಿಯಂತೆ. ‘ಗರ್ಜಕ’, ‘ನಿಶ್ಶಬ್ದ’ ಎಂದು ಬರೆದಿದ್ದೇನೆ. ನಿಪ್ಪಲ್, ಪ್ರಿಕ್ಕರ್, ಮ್ಯಾಂಟಲ್, ಪಂಪ್ ಲೆದರ್ ಇವಕ್ಕೆ ಕನ್ನಡ ಪದ ಇದೆಯೆ, ಕಟ್ಟಬೇಕೆ? ಕೂಟಕ್ಕೆ ‘ಪುರಾತನ ಒಲೆ ಮತ್ತು ದೀಪ ಸಂಗ್ರಾಹಕರ ಶಿಬಿರ’ ಎಂಬ ಹೆಸರು ಸರಿಯೆ?

ಹಾಳೆಯ ಒಂದು ಭಾಗ ನನ್ನ ಕೈಯಲ್ಲಿ ಹೀಗಾಗಿದೆ: ‘ತೊಟ್ಟಿಯ ಮುಕ್ಕಾಲು ಭಾಗವನ್ನು ಇಂಧನದಿಂದ ತುಂಬಿಸಿ, ಪೂರ್ವತಾಪನ ಬಟ್ಟಲಿಗೆ ಮದ್ಯಸಾರವನ್ನು ಸುರಿದು ಪ್ರಜ್ವಲನಗೊಳಿಸಿ, ತದನಂತರ ಒತ್ತಡವನ್ನು ಸೃಷ್ಟಿಸಿ.’ ತಿದ್ದಿಕೊಡಿ.

*

ಉತ್ತರ:

ಮೊದಲು ಎಣ್ಣೆಯದನ್ನು ಇತ್ಯರ್ಥ ಮಾಡೋಣ. ಉಳಿದ ಪದ ತಪ್ಪಿದರೆ ಓದುವವರು ತಡವರಿಸುತ್ತಾರೆ, ಅಷ್ಟೆ. ಎಣ್ಣೆಯ ಹೆಸರು ತಪ್ಪಿದರೆ ಬೆಂಕಿ ಅನಾಹುತ.

ಬ್ರಿಟನ್ನಿನಲ್ಲಿ ಪ್ಯಾರಾಫಿನ್ ಎಂದರೆ ನಮ್ಮ ಸೀಮೆಎಣ್ಣೆ. ಉತ್ತರ ಕರ್ನಾಟಕದಲ್ಲೂ ಕರಾವಳಿಯಲ್ಲೂ ಚಿಮಣಿ ಎಣ್ಣೆ ಎನ್ನುವುದೂ ಅದೇ. ಸ್ಕಾಟ್ಲೆಂಡಿನ ಜೇಮ್ಸ್ ಯಂಗ್ 1850ರಲ್ಲಿ ಪೇಟೆಂಟ್ ಪಡೆದದ್ದು ಕಲ್ಲಿದ್ದಲಿನಿಂದ ಪ್ಯಾರಾಫಿನ್ ಎಣ್ಣೆ ತೆಗೆಯುವ ವಿಧಾನಕ್ಕೆ. ಆ ಹೆಸರು ಅಲ್ಲಿ ದೀಪದ ಎಣ್ಣೆಗೆ ಅಂಟಿಕೊಂಡಿತು. ನಮಗೆ ಮೇಣದಬತ್ತಿಯ ಮೇಣದ ಜೊತೆ ಬಂತು. ಕೆರೋಸಿನ್ ಎಂಬ ಹೆಸರನ್ನು ಅಬ್ರಹಾಂ ಗೆಸ್ನರ್ ಕಟ್ಟಿದ್ದೂ ಮೇಣ ಎಂಬರ್ಥದ ಗ್ರೀಕ್ ‘ಕೆರೋಸ್’ನಿಂದಲೇ. ಹಾಗಾಗಿ ನಿಘಂಟು ಪೂರಾ ತಪ್ಪಲ್ಲ. ಆದರೆ ಸ್ಟೌವಿನ ಹಾಳೆಯಲ್ಲಿ ಕಣ್ಣುಮುಚ್ಚಿ ಸೀಮೆಎಣ್ಣೆ ಎಂದೇ ಬರೆಯಿರಿ. ಸೀಮೆಸುಣ್ಣ, ಸೀಮೆಬದನೆ, ಸೀಮೆಹುಣಸೆಗಳಲ್ಲಿರುವ ಹಾಗೆ ‘ಹೊರನಾಡಿನಿಂದ ಬಂದದ್ದು’ ಎಂಬ ಅರ್ಥದ ಸೀಮೆ ಇದು. ಇಷ್ಟು ಒಳ್ಳೆಯ ಪದವಿರುವಾಗ ಪ್ಯಾರಾಫಿನ್ ಉಳಿಸಿಕೊಳ್ಳಲು ಕಾರಣವೇ ಇಲ್ಲ.

ವೈಟ್ ಗ್ಯಾಸ್ ಅನಿಲವಲ್ಲ, ಪೆಟ್ರೋಲ್. ಅಮೆರಿಕದವರು ಪೆಟ್ರೋಲನ್ನು ಗ್ಯಾಸ್ ಎನ್ನುತ್ತಾರಲ್ಲ, ಅದು. ಬಣ್ಣ ಬೆರೆಸದ, ವಾಹನಕ್ಕೆಂದು ಏನನ್ನೂ ಸೇರಿಸದ ತಿಳಿ ಪೆಟ್ರೋಲ್. ‘ಬಿಳಿ ಅನಿಲ’ ಎಂದರೆ ಓದುವವರು ಸಿಲಿಂಡರ್ ಹುಡುಕುತ್ತಾರೆ. ‘ಸ್ಟೌವಿಗೆ ಬಳಸುವ ತಿಳಿ ಪೆಟ್ರೋಲ್’ ಎಂದು ಬಿಡಿಸಿಯೇ ಬರೆಯಿರಿ, ಉದ್ದವಾದರೂ ಚಿಂತೆಯಿಲ್ಲ. ಸೀಮೆಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳಬೇಕಾದರೆ ಎಣ್ಣೆ 38 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗಾದರೂ ಬಿಸಿಯಾಗಬೇಕು. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆಯ ಪಂಪ್ ಸ್ಟೌವಾದ ಪ್ರೈಮಸ್‌ಗೆ ಪೆಟ್ರೋಲ್ ಹಾಕಿದರೆ ಆರಿಸುವಾಗ ಬಿಡುವ ಗಾಳಿಯ ಜೊತೆ ಆವಿಯೂ ಹೊರಬಂದು, ಇನ್ನೂ ಕಾದಿರುವ ಬರ್ನರಿನ ಪಕ್ಕದಲ್ಲೇ ಉರಿ ಹಿಡಿಯುತ್ತದೆ. ಇದರ ತಿರುವುಮುರುವೂ ನಡೆಯದು. ಸ್ವೀಡನ್ನಿನ ಸ್ವಿಯಾ 123 ಎಂಬ ಪೆಟ್ರೋಲ್ ಸ್ಟೌವಿಗೆ ಪಂಪೇ ಇಲ್ಲ, ಟ್ಯಾಂಕು ಬೆಚ್ಚಗಾಗಿ ಪೆಟ್ರೋಲಿನ ಆವಿಯೇ ಒತ್ತಡ ಕೊಡುತ್ತದೆ. ಅದಕ್ಕೆ ಸೀಮೆಎಣ್ಣೆ ಹಾಕಿದರೆ ಒತ್ತಡವೇ ಹುಟ್ಟದೆ ಉರಿ ಸತ್ತುಹೋಗುತ್ತದೆ.

ಬಣ್ಣ ನೋಡಿ ಎಣ್ಣೆ ಹೇಳುವ ಅಭ್ಯಾಸವನ್ನೂ ಅನುವಾದಕ್ಕೆ ತರಬೇಡಿ. ನಮ್ಮ ಪಡಿತರದ ಸೀಮೆಎಣ್ಣೆ ನೀಲಿ. ಬ್ರಿಟನ್ನಿನಲ್ಲಿ ಹಿಂದೆ ನೀಲಿಯದನ್ನೂ ಗುಲಾಬಿಯದನ್ನೂ ಬೇರೆ ಬೇರೆ ಕಂಪನಿಗಳು ಮಾರುತ್ತಿದ್ದವು, ಎರಡೂ ಸೀಮೆಎಣ್ಣೆಯೇ. ಅಲ್ಲಿ ನೇರಳೆ ಬಣ್ಣದ ಸೀಸೆ ಕಂಡರೆ ಮಾತ್ರ ಅದು ಸ್ಪಿರಿಟ್, ಬರ್ನರ್ ಕಾಯಿಸಲು ಬಳಸುವಂಥದ್ದು. ಕುಡಿಯಬಾರದೆಂದು ಬಣ್ಣ ಹಾಕಿರುತ್ತಾರೆ. ನಿಮ್ಮ ‘ಮದ್ಯಸಾರ’ ರಸಾಯನಶಾಸ್ತ್ರದ ಪುಸ್ತಕಕ್ಕೆ ಸರಿ, ಆದರೆ ಅಂಗಡಿಯಲ್ಲಿ ಕೇಳುವುದು ಸ್ಪಿರಿಟ್ ಎಂದೇ.

ನಮ್ಮ ‘ಗ್ಯಾಸ್‌ಲೈಟ್’ ಕೂಡ ಇದೇ ಗೊಂದಲಕ್ಕೆ ದಾರಿ. ಕರಾವಳಿಯ ಬಯಲಾಟಕ್ಕೆ ದೊಂದಿಯ ಬೆಳಕಿನ ನಂತರ ಬಂದದ್ದು, ಮದುವೆ ದಿಬ್ಬಣದಲ್ಲಿ ತಲೆಯ ಮೇಲೆ ಹೊತ್ತು ನಡೆದದ್ದು ಗ್ಯಾಸ್‌ಲೈಟ್, ಒಳಗಿರುವುದು ಸೀಮೆಎಣ್ಣೆ. ಉರಿಯುವುದು ಕಾದು ಆವಿಯಾದ ಎಣ್ಣೆಯಾದ್ದರಿಂದ ಹೆಸರು ಸುಳ್ಳೂ ಅಲ್ಲ. ಪೆಟ್ರೋಮ್ಯಾಕ್ಸ್ ಎಂಬ ಹೆಸರಿನ ‘ಪೆಟ್ರೋ’ ಕೂಡ ಪೆಟ್ರೋಲಲ್ಲ. ಜರ್ಮನ್ನಿನಲ್ಲಿ ಪೆಟ್ರೋಲಿಯಂ ಎಂದರೆ ಸೀಮೆಎಣ್ಣೆ. ಬರ್ಲಿನ್ನಿನ ಎಹ್ರಿಷ್ ಉಂಡ್ ಗ್ರೆಟ್ಸ್ ಕಂಪನಿಯ ಮ್ಯಾಕ್ಸ್ ಗ್ರೆಟ್ಸ್ ಹೆಸರು ಅದಕ್ಕೆ ಸೇರಿತು. ಹಾಳೆಯಲ್ಲಿ ಪೆಟ್ರೋಮ್ಯಾಕ್ಸ್ ಎಂದು ಬಂದ ಮೊದಲ ಕಡೆಯಲ್ಲೇ ‘ಸೀಮೆಎಣ್ಣೆಯದು’ ಎಂದು ಸೇರಿಸಿಬಿಡಿ.

ಇನ್ನು ಬರ್ನರ್. 1892ರಲ್ಲಿ ಸ್ಟಾಕ್‌ಹೋಮಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ರೂಪಿಸಿದ ಪ್ರೈಮಸ್ ಮಸಿಯಿಲ್ಲದೆ ಉರಿಯಿತು, ಸದ್ದಿಲ್ಲದೆ ಉರಿಯಲಿಲ್ಲ. ನಿಪ್ಪಲಿನಿಂದ, ಅಂದರೆ ಬರ್ನರಿನ ಸಣ್ಣ ತೂತಿನ ಮೂತಿಯಿಂದ, ರಭಸವಾಗಿ ಚಿಮ್ಮುವ ಆವಿ ಮೇಲಿನ ಬಿಲ್ಲೆಗೆ ಬಡಿದು ಸುತ್ತ ಹರಡುವಾಗ ಹುಟ್ಟುವ ಸದ್ದು ಅದು. ‘ಗರ್ಜಕ’ ನನಗೆ ಒಪ್ಪಿಗೆಯಿಲ್ಲ. ಗರ್ಜನೆ ಎದ್ದು ಅಡಗುವಂಥದ್ದು, ಸಿಂಹದ್ದು, ಮೋಡದ್ದು. ಸ್ಟೌವಿನ ಸದ್ದು ಹಚ್ಚಿದಾಗಿನಿಂದ ಆರಿಸುವವರೆಗೆ ಒಂದೇ ಸಮ. ಅದಕ್ಕೆ ಕನ್ನಡದಲ್ಲಿ ‘ಮೊರೆ’ ಇದೆ: ದುಂಬಿ ಮೊರೆಯುತ್ತದೆ, ಕಡಲು ಮೊರೆಯುತ್ತದೆ. ‘ಮೊರೆಯುವ ಬರ್ನರ್’ ಎನ್ನಿ. ಇನ್ನೊಂದು ಜಾತಿಯಲ್ಲಿ ಬಿಲ್ಲೆಯ ಬದಲು ಸಣ್ಣ ಸಣ್ಣ ತೂತುಗಳಿರುವ ಎರಡು ಟೋಪಿ, ಒಂದರೊಳಗೊಂದು. ಆವಿ ಹಲವು ತೂತುಗಳಲ್ಲಿ ಹಂಚಿಹೋಗುವುದರಿಂದ ಸದ್ದು ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಆದ್ದರಿಂದ ‘ನಿಶ್ಶಬ್ದ’ ಬೇಡ, ‘ಮೆಲುಸದ್ದಿನ ಬರ್ನರ್’ ಸಾಕು. ಗಾಳಿ ಬೀಸುವ ಬಯಲಿಗೆ ಮೊರೆಯುವುದೇ ವಾಸಿ. ಮೆಲುಸದ್ದಿನದರಲ್ಲಿ ಹೊರಟೋಪಿ ವರ್ಷಗಳ ಮೇಲೆ ಸುಟ್ಟು ತೂತು ಅಗಲವಾಗುತ್ತದೆ, ಉರಿ ಒಂದು ಪಕ್ಕಕ್ಕೆ ವಾಲುತ್ತದೆ.

ನಿಪ್ಪಲ್, ವಾಶರ್, ಬರ್ನರ್ ಇವುಗಳನ್ನು ಮುಟ್ಟಬೇಡಿ. ಸ್ಟೌವ್ ರಿಪೇರಿಯವರ ಬಾಯಲ್ಲಿ ಇವು ಕನ್ನಡವೇ ಆಗಿವೆ. ಪ್ರಿಕ್ಕರ್‌ಗೆ ಪದ ಕಟ್ಟುವ ಅಗತ್ಯವಿಲ್ಲ, ‘ಸ್ಟೌವ್ ಪಿನ್ನು’ ಎಂದು ಕಿರಾಣಿ ಅಂಗಡಿಯಲ್ಲೇ ಸಿಗುತ್ತಿತ್ತು: ತಗಡಿನ ಹಿಡಿ, ತುದಿಗೆ ಸೂಜಿಗಿಂತ ಸಣ್ಣ ತಂತಿ. ನಂಬರ್ 1 ಪ್ರೈಮಸ್‌ನ ನಿಪ್ಪಲಿನ ತೂತು ಸುಮಾರು 0.32 ಮಿ.ಮೀ. ಇರುತ್ತದೆ. ತಂತಿ ಅದಕ್ಕಿಂತ ದಪ್ಪವಾಗಿ ಬಲವಂತ ಮಾಡಿದರೆ ತೂತು ಹಿಗ್ಗಿ ಎಣ್ಣೆ ಹೆಚ್ಚಾಗಿ ನುಗ್ಗುತ್ತದೆ, ಗಾಳಿ ಸಾಲದೆ ಉರಿ ಹಳದಿಯಾಗುತ್ತದೆ, ಪಾತ್ರೆಯ ತಳ ಮಸಿ ಹಿಡಿಯುತ್ತದೆ. ಆಮೇಲೆ ನಿಪ್ಪಲ್ ಬದಲಿಸುವುದೊಂದೇ ದಾರಿ. ಈ ಎಚ್ಚರಿಕೆ ಮೂಲದಲ್ಲಿ ಇಲ್ಲದಿದ್ದರೂ ಒಂದು ಸಾಲು ಸೇರಿಸುವುದು ಒಳ್ಳೆಯದು.

ಪಂಪ್ ಲೆದರ್‌ಗೆ ‘ಚರ್ಮ’ ಅಲ್ಲ, ‘ತೊಗಲು’. ತೊಗಲುಗೊಂಬೆ ಎನ್ನುವಂತೆ ಹದ ಮಾಡಿದ್ದಕ್ಕೆ ತೊಗಲು ಒಪ್ಪುತ್ತದೆ. ‘ಪಂಪಿನ ತೊಗಲು ವಾಶರ್’. ಇದು ಬಟ್ಟಲಿನಾಕಾರದ್ದು, ಬಾಯಿ ಟ್ಯಾಂಕಿನ ಕಡೆಗಿರಬೇಕು. ವರ್ಷಗಟ್ಟಲೆ ಕೂತ ಸ್ಟೌವಿನಲ್ಲಿ ಒಣಗಿ ಮುದುಡಿರುತ್ತದೆ, ಹಿಡಿ ಒತ್ತಿದರೆ ತಡೆಯೇ ಸಿಗದೆ ಸರ್ರನೆ ಇಳಿಯುತ್ತದೆ. ಹೊರತೆಗೆದು ಅಂಚನ್ನು ಬೆರಳಿನಿಂದ ಅರಳಿಸಿ ಒಂದು ರಾತ್ರಿ ಜಿಡ್ಡಿನ ಎಣ್ಣೆಯಲ್ಲಿ (ಸೀಮೆಎಣ್ಣೆಯಲ್ಲಲ್ಲ) ನೆನೆಸಿದರೆ ಬಹುಪಾಲು ಸರಿಹೋಗುತ್ತದೆ. ಅದೇ ಪಂಪಿನ ಹಿಡಿ ಒತ್ತದೆಯೇ ತಾನಾಗಿ ಮೇಲೇಳುತ್ತಿದ್ದರೆ ತೊಗಲಿನ ತಪ್ಪಲ್ಲ. ಪಂಪಿನ ತಳದಲ್ಲಿರುವ, ಹೋದ ಗಾಳಿಯನ್ನು ವಾಪಸು ಬಿಡದ ವಾಲ್ವ್ ಕೆಟ್ಟಿದೆ. ಅದರೊಳಗಿನ ಪುಟ್ಟ ತುಂಡು ಹಳೆಯದರಲ್ಲಿ ಸೀಸೆಯ ಬಿರಡೆಗೆ ಬಳಸುವ ಕಾರ್ಕಿನದು, ಈಗಿನದರಲ್ಲಿ ರಬ್ಬರಿನದು. ಇಂಗ್ಲಿಷಿನವರು ಅದನ್ನು ಹಣ್ಣಿನ ಬೀಜದ ಹೆಸರಿನಿಂದ ‘ಪಿಪ್’ ಎಂದು ಕರೆಯುತ್ತಾರೆ. ನಮಗೆ ‘ವಾಲ್ವಿನ ಬಿಲ್ಲೆ’ ಸಾಕು. ‘ಹಿಮ್ಮುಖ ಹರಿವು ನಿರೋಧಕ ಕವಾಟ’ ಎಂದರೆ ಸೈಕಲ್ ಟ್ಯೂಬಿನ ವಾಲ್ವ್ ಬದಲಿಸಿ ಗೊತ್ತಿರುವವನಿಗೂ ಅರ್ಥವಾಗದು.

‘ಪೂರ್ವತಾಪನ’ ಬಿಟ್ಟು ‘ಕಾಯಿಸು’ ಎನ್ನಿ. ಕಾದ ಹೆಂಚು, ಕಾದ ಕಬ್ಬಿಣ. ಹಾಗೇ ಬರ್ನರ್ ಕಾಯಬೇಕು. ‘ಬಿಸಿ ಮಾಡಿ’ ಎಂದರೆ ಸಾರು ಬಿಸಿ ಮಾಡಿದಂತೆ, ಮುಟ್ಟಿದರೆ ಬೆಚ್ಚಗಿದ್ದರೆ ಸಾಕು ಎನಿಸುತ್ತದೆ. ಒಳಹೋದ ಎಣ್ಣೆ ತಕ್ಷಣ ಆವಿಯಾಗುವಷ್ಟು ಕಾಯದಿದ್ದರೆ ಎಣ್ಣೆ ಎಣ್ಣೆಯಾಗಿಯೇ ಚಿಮ್ಮಿ ಆಳೆತ್ತರದ ಹಳದಿ ಉರಿ ಏಳುತ್ತದೆ. ಹೊಸಬರು ಹೆದರಿ ಸ್ಟೌವ್ ಒದ್ದು ಉರುಳಿಸುವುದು ಆಗಲೇ.

ಕೂಟದ ಹೆಸರು: ಪುರಾತನ ಎಂದರೆ ಹಂಪಿಯ ಕಾಲದ್ದು ಎನಿಸುತ್ತದೆ, ‘ಹಳೆಕಾಲದ’ ಸಾಕು. ಶಿಬಿರ ಎಂದ ಕೂಡಲೆ ರಕ್ತದಾನ, ಎನ್‌ಎಸ್‌ಎಸ್ ನೆನಪಾಗುತ್ತದೆ. ಯಾರೋ ನಡೆಸುವುದು, ಉಳಿದವರು ಕೂತು ಕೇಳುವುದು. ಇಲ್ಲಿ ಎಲ್ಲರೂ ತಮ್ಮ ಡೇರೆ, ತಮ್ಮ ಅಡುಗೆ ತಂದು ಬಯಲಿನಲ್ಲಿ ಬೀಡುಬಿಡುತ್ತಾರೆ. ‘ಬಿಡಾರ ಹೂಡು’ ಎಂಬ ನುಡಿಗಟ್ಟು ಇದಕ್ಕೆಂದೇ ಇದ್ದಂತಿದೆ. ‘ಹಳೆಕಾಲದ ಸ್ಟೌವ್-ದೀಪಗಳ ಬಿಡಾರಕೂಟ’ ಎಂದರೆ ಹೇಗೆ? ‘ಒಲೆ’ ಎಂದರೆ ಸೌದೆಯದು ಎಂದುಕೊಳ್ಳುವವರಿದ್ದಾರೆ, ಆದ್ದರಿಂದ ಸ್ಟೌವ್ ಇರಲಿ.

ನೀವು ಕೊಟ್ಟ ಭಾಗ ಹೀಗಾಗಬಹುದು:

‘ಟ್ಯಾಂಕಿಗೆ ಸೀಮೆಎಣ್ಣೆ ಮುಕ್ಕಾಲು ಪಾಲು ಮಾತ್ರ ಹಾಕಿ, ಉಳಿದದ್ದು ಗಾಳಿಗೆ ಜಾಗ. ಮುಚ್ಚಳ ಬಿಗಿಮಾಡಿ, ಅದರ ಮೇಲಿನ ಗಾಳಿ ತಿರುಪು ಸಡಿಲವಾಗಿರಲಿ. ಬರ್ನರಿನ ಬುಡದ ಬಟ್ಟಲಿಗೆ ಸ್ಪಿರಿಟ್ ಹಾಕಿ, ಸೀಸೆಯನ್ನು ದೂರ ಇಟ್ಟು, ಕಡ್ಡಿ ಗೀರಿ ಹಚ್ಚಿ. ಸ್ಪಿರಿಟ್ ಇನ್ನೇನು ತೀರುತ್ತದೆ ಎನ್ನುವಾಗ ಗಾಳಿ ತಿರುಪು ಬಿಗಿದು ಎರಡು ಮೂರು ಸಲ ಪಂಪ್ ಮಾಡಿ. ನೀಲಿ ಉರಿ ನಿಂತ ಮೇಲೆ ಬೇಕಾದಷ್ಟು ಪಂಪ್ ಮಾಡಬಹುದು. ಹಳದಿ ಉರಿ ಎದ್ದರೆ ಬರ್ನರ್ ಕಾದಿಲ್ಲ ಎಂದರ್ಥ. ಗಾಳಿ ಬಿಡಿ, ಪೂರ್ತಿ ಆರಿ ತಣ್ಣಗಾದ ಮೇಲೆ ಮೊದಲಿನಿಂದ ಶುರುಮಾಡಿ. ಉರಿಯುತ್ತಿರುವ ಬಟ್ಟಲಿಗೆ ಸೀಸೆಯಿಂದ ಸ್ಪಿರಿಟ್ ಸುರಿಯಬೇಡಿ, ಉರಿ ಸೀಸೆಗೇ ಹತ್ತುತ್ತದೆ.’

*

ಮೇಲಿನ ಉತ್ತರಕ್ಕೆ ಎರಡು ಮಾತು ಸೇರಿಸುವುದಿದೆ.

ಇಂಗ್ಲಿಷಿನ ಲ್ಯಾಂಟರ್ನ್ ಅನ್ನು ಎಲ್ಲ ಕಡೆ ಲಾಟೀನು ಮಾಡಬೇಡಿ. ಅಲ್ಲಿ ಬತ್ತಿಯ ದೀಪಕ್ಕೂ ಪಂಪಿನ ದೀಪಕ್ಕೂ ಅದೊಂದೇ ಪದ. ನಮ್ಮಲ್ಲಿ ಲಾಟೀನು, ಲಾಂದ್ರ, ಕಂದೀಲು ಮೂರೂ ಬತ್ತಿಯವೇ. ಅವಕ್ಕೆ ಪಂಪು, ಒತ್ತಡ, ಕಾಯಿಸುವುದು ಯಾವುದೂ ಇಲ್ಲ. ಡೀಟ್ಸ್, ಫಾಯರ್‌ಹ್ಯಾಂಡ್ ಕಂಪನಿಗಳ ಹೆಸರು ಇದ್ದ ಕಡೆ ಲಾಟೀನು. ಟಿಲ್ಲಿ, ಪೆಟ್ರೋಮ್ಯಾಕ್ಸ್ ಇದ್ದ ಕಡೆ ಗ್ಯಾಸ್‌ಲೈಟ್ ಅಥವಾ ಪಂಪ್ ದೀಪ. ಅಮೆರಿಕದ ಕೋಲ್ಮನ್ ಕಂಪನಿಯ ದೀಪಗಳಲ್ಲಿ ಬಹಳಷ್ಟು ಪೆಟ್ರೋಲಿನವಾದ್ದರಿಂದ ಅಲ್ಲಿ ಗ್ಯಾಸ್‌ಲೈಟ್ ಎನ್ನದೆ ‘ಪೆಟ್ರೋಲ್ ದೀಪ’ ಎಂದೇ ಹೇಳಬೇಕು.

ಮ್ಯಾಂಟಲ್‌ಗೆ ನಿಘಂಟು ನಿಲುವಂಗಿ ಎನ್ನುತ್ತದೆ, ಬೇಡ. ಮ್ಯಾಂಟಲ್ ಇರಲಿ, ಮೊದಲ ಸಲ ‘ಬಲೆಯಂಥ ಚಿಕ್ಕ ಚೀಲ’ ಎಂದು ವಿವರಿಸಿ. ತೊಡಕಿರುವುದು ಕ್ರಿಯಾಪದದಲ್ಲಿ. ಹಾಳೆಯಲ್ಲಿ ಮ್ಯಾಂಟಲ್ ‘ಸುಡಬೇಕು’ ಎಂದಿರುತ್ತದೆ. ಕನ್ನಡದಲ್ಲಿ ‘ಮ್ಯಾಂಟಲ್ ಸುಟ್ಟುಹೋಯಿತು’ ಎಂದರೆ ಕೆಟ್ಟಿತು, ಹೊಸದು ತರಬೇಕು. ಆದರೆ ಅಲ್ಲಿ ಹೇಳುತ್ತಿರುವುದು ತಯಾರಿಯ ಹಂತ. ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಆವರ್ ಫಾನ್ ವೆಲ್ಸ್‌ಬಾಖ್ 1891ರಲ್ಲಿ ಮಾರುಕಟ್ಟೆಗೆ ತಂದ ಮ್ಯಾಂಟಲಿನಲ್ಲಿ ನೂಲು ಸುಟ್ಟುಹೋಗಿ, ಅದು ಹೀರಿಕೊಂಡಿದ್ದ ಲವಣ ಆಕ್ಸೈಡಾಗಿ ಬಲೆಯ ಆಕಾರದಲ್ಲೇ ಉಳಿಯುತ್ತಿತ್ತು: ನೂರರಲ್ಲಿ 99 ಪಾಲು ಥೋರಿಯಂ, ಒಂದು ಪಾಲು ಸೀರಿಯಂ. ಬೆಳಗುವುದು ಆ ಬೂದಿಬಲೆ. ಆದ್ದರಿಂದ ‘ಮ್ಯಾಂಟಲನ್ನು ಸುಟ್ಟು ಬೂದಿಬಲೆ ಮಾಡಿಕೊಳ್ಳಿ’ ಎಂದು ಬರೆಯಿರಿ. ಆಮೇಲೆ ಬೆರಳು ತಾಗಿದರೂ ಉದುರುತ್ತದೆ. ತೂತು ಬಿದ್ದ ಮ್ಯಾಂಟಲನ್ನು ಹಾಗೇ ಉರಿಸಿದರೆ ಉರಿಯ ನಾಲಗೆ ಅಲ್ಲಿಂದ ಹೊರಚಾಚಿ ಗಾಜಿಗೆ ತಾಗಿ ಗಾಜು ಬಿರಿಯುತ್ತದೆ. ಹಳೆಯ ಮ್ಯಾಂಟಲಿನ ಥೋರಿಯಂ ವಿಕಿರಣಶೀಲ. ಪುಡಿಯನ್ನು ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿ ಕೈ ತೊಳೆಯಬೇಕು. ಟಿಲ್ಲಿ ದೀಪಗಳ ಜೊತೆ ಬರುವ ಹಳೆಯ ಸ್ಪಿರಿಟ್ ಚಿಮಟದ (ಸ್ಪಿರಿಟ್‌ನಲ್ಲಿ ಅದ್ದಿ, ದೀಪ ಕಾಯಿಸಲು ಸಿಕ್ಕಿಸುವಂಥದ್ದು) ಬತ್ತಿಯಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವುದುಂಟು, ಅದಕ್ಕೂ ಇದೇ ಎಚ್ಚರಿಕೆ ಬೇಕು.

ಕೊನೆಗೆ ‘ಆರಿಸು’. ಬತ್ತಿ ದೀಪವನ್ನು ಊದಿ ಆರಿಸುತ್ತೇವೆ. ಪಂಪ್ ಸ್ಟೌವನ್ನು ಊದಿದರೆ ಉರಿ ಮಾತ್ರ ಹೋಗಿ ಎಣ್ಣೆಯ ಆವಿ ಬರುತ್ತಲೇ ಇರುತ್ತದೆ. ಹಾಳೆಯಲ್ಲಿ ‘ಆರಿಸಿ’ ಎಂದು ಬಂದ ಕಡೆಯೆಲ್ಲ ‘ಗಾಳಿ ಬಿಟ್ಟು ಆರಿಸಿ’ ಎಂದು ಮಾಡಿ. ಪೆಟ್ರೋಲಿನ ಸ್ಟೌವುಗಳಿಗೆ ಮಾತ್ರ ಇದು ಸಲ್ಲದು, ಅಲ್ಲಿ ‘ಕೀಲಿ ತಿರುಗಿಸಿ ಎಣ್ಣೆ ನಿಲ್ಲಿಸಿ’ ಎಂದಿರಬೇಕು.