ಸಹಾಯ ಬೇಕು: ಟೇಕ್‌ಡೌನ್‌ಗೆ (ಹಿಡಿದು ನೆಲಕ್ಕೆ ಕೆಡವೋದಕ್ಕೆ) ಸಿಗದೆ ಕಾಫ್ ಕಿಕ್ (ಮೀನಖಂಡಕ್ಕೆ ಬೀಳೋ ಒದೆ) ತಡೆಯೋದು ಹೇಗೆ?

ಎಂಎಂಎ (ಮಿಶ್ರ ಸಮರಕಲೆ) ಕಲಿಸೋರು ಯಾರಾದ್ರೂ ಇದ್ದರೆ ದಯವಿಟ್ಟು ಹೇಳಿ. ನಮ್ಮ ಹುಡುಗ ಬಾಕ್ಸಿಂಗ್‌ನಿಂದ ಬಂದವನು, ಆರ್ಥೊಡಾಕ್ಸ್ (ಎಡಗಾಲು ಮುಂದಿಟ್ಟು ನಿಲ್ಲೋನು). ಅಗಲವಾಗಿ ನಿಲ್ತಾನೆ, ಭಾರವೆಲ್ಲ ಎಡ ಮುಂಗಾಲ ಮೇಲೆ, ಪಾದ ಒಳಕ್ಕೆ ತಿರುಗಿರುತ್ತೆ. ಮೀನಖಂಡದ ಹೊರಬದಿ ಒದೆಗೆ ತೆರೆದೇ ಇರುತ್ತೆ. ಮಂಡಿಯ ಕೆಳಗೆ ಪೆರೋನಿಯಲ್ ನರ ಮೂಳೆಗೆ ಒತ್ತಿಕೊಂಡೇ ಹಾದುಹೋಗೋದರಿಂದ, ಅಲ್ಲಿ ಸರಿಯಾಗಿ ಕೆಲವೇ ಒದೆ ಬಿದ್ದರೂ ಪಾದ ಮೇಲೆತ್ತೋಕಾಗಲ್ಲ. 2021ರ ಜನವರಿಯಲ್ಲಿ ಎಂಎಂಎ ಫೈಟರ್ ಡಸ್ಟಿನ್ ಪೊರಿಯೆ ತನ್ನ ಎದುರಾಳಿ ಕಾನರ್ ಮೆಕ್‌ಗ್ರೆಗರ್‌ನ ಮುಂಗಾಲನ್ನು ಹೀಗೇ ಕೆಡಿಸಿ, ಎರಡನೇ ರೌಂಡ್‌ನಲ್ಲಿ ಪಂಚ್‌ಗಳಿಂದ ಮುಗಿಸಿದ್ದು.

ಪಾದ ಹೊರಕ್ಕೆ ತಿರುಗಿಸಿ ಮಂಡಿ ಕೆಳಗಿನ ಮುಂಬದಿಯ ಮೂಳೆ (ಶಿನ್) ಒಡ್ಡಿದರೆ ಒದ್ದವನಿಗೇ ಏಟು, ನಿಜ. ಆದರೆ ಎದುರಾಳಿ ಒದೆಯ ಫೇಂಟ್ (ಒದೆಯೋ ಹಾಗೆ ನಟನೆ) ಕೊಟ್ಟು ಕಾಲೆತ್ತಿಸಿ, ಓವರ್‌ಹ್ಯಾಂಡ್ (ಮೇಲಿಂದ ಸುತ್ತಿ ಬರೋ ಗುದ್ದು) ಬೀಸ್ತಾನೆ, ಇಲ್ಲಾ ಸಿಂಗಲ್ ಲೆಗ್‌ಗೆ (ಒಂದು ಕಾಲು ಹಿಡಿದು ಕೆಡವೋಕೆ) ನುಗ್ತಾನೆ. ಭಾರ ಹಿಂಗಾಲಿಗೆ ಕೊಟ್ಟರೆ ಜ್ಯಾಬ್‌ಗೆ (ಮುಂದಿನ ಕೈಯ ನೇರ ಗುದ್ದಿಗೆ) ತೂಕವೇ ಇರಲ್ಲ.

ನನಗನಿಸೋದು, ಕಾಲಿಗಿಂತ ಕೈಯಿಂದ ಉತ್ತರ ಕೊಡೋದೇ ವಾಸಿ. ಒದೆಯೋ ಮುಂಚೆ ಎದುರಾಳಿಯ ಎಡಪಾದ ಹೊರಕ್ಕೆ ಹೆಜ್ಜೆ ಇಡುತ್ತೆ. ಆಗಲೇ ನೇರ ಬಲಗೈ ಹೊಡೆದರೆ ಅವನು ಒಂಟಿಗಾಲಲ್ಲಿ ಸಿಗ್ತಾನೆ. ಫೇಂಟ್‌ಗೆ ಮೋಸ ಹೋಗದೆ ಈ ಟೈಮಿಂಗ್ ಕೂರಿಸೋಕೆ ಯಾವ ಡ್ರಿಲ್ ಮಾಡಿಸ್ತೀರಿ? ಪ್ಯಾಡ್ ಮೇಲಾ, ಶಿನ್ ಗಾರ್ಡ್ ಹಾಕಿ ನಿಧಾನ ಸ್ಪಾರಿಂಗ್‌ನಲ್ಲಾ (ಅಭ್ಯಾಸದ ಕಾದಾಟ)?