ವಿಷಯ: ಗಿಡ 'ಕಸಿ' ಅಂದರೆ ಸವರುವುದೋ, ಕೂಡಿಸುವುದೋ? (ರಾತ್ರಿಯೊಳಗೆ ಬೇಕು)

ತೀರ್ಥಹಳ್ಳಿಯಿಂದ:

ಎಲ್ಲರಿಗೂ ನಮಸ್ಕಾರ. ರಾತ್ರಿ ಹತ್ತಕ್ಕೆ ಕೆಲಸ ಒಪ್ಪಿಸಬೇಕು, ಅದಕ್ಕೇ ನೇರವಾಗಿ ಕೇಳುತ್ತೇನೆ.

ಕೆನಡಾದ ಒಂದು ವಿಡಿಯೋಗೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಅಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಇದೆ. ಹೆಚ್ಚಿನ ಪ್ರಾಂತ್ಯಗಳಲ್ಲಿ ಮನೆಗೆ ನಾಲ್ಕು ಗಿಡ ಬೆಳೆಸಬಹುದು. ವಿಡಿಯೋದಲ್ಲಿ ಒಬ್ಬರು ಅಜ್ಜಿ ನೆಲಮಾಳಿಗೆಯಲ್ಲಿ, ದೀಪದ ಕೆಳಗೆ, ಕುಂಡದಲ್ಲಿ ಬೆಳೆಸುತ್ತಾರೆ. ಅರ್ಧ ವಿಡಿಯೋ ಬರೀ ಕತ್ತರಿ ಕೆಲಸ. ನಡುಕಾಂಡದ ತುದಿಯನ್ನು ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸುತ್ತಾರೆ, ಅಲ್ಲಿಂದ ಎರಡು ಕವಲು ಹೊರಡುತ್ತವೆ. ಆಮೇಲೆ ಬುಡದ ಹತ್ತಿರ ಬೆಳಕು ಕಾಣದ ಟಿಸಿಲು ತೆಗೆಯುತ್ತಾರೆ. ಮೊದಲನೆಯದಕ್ಕೆ ಅವರು ಟಾಪಿಂಗ್ ಅನ್ನುತ್ತಾರೆ, ಒಟ್ಟು ಕೆಲಸಕ್ಕೆ ಪ್ರೂನಿಂಗ್.

ನಾನು ಪ್ರೂನಿಂಗ್‌ಗೆ 'ಕಸಿ' ಹಾಕಿದ್ದೆ. ನಮ್ಮ ಮನೆಯಲ್ಲಿ ಕಾಫಿ ಗಿಡಕ್ಕೆ ಹೇಳುವುದೇ ಹಾಗೆ. ಬೆಂಗಳೂರಿನಲ್ಲಿ ನೋಡಿದವರು ಅದಕ್ಕೆ ಗೆರೆ ಎಳೆದು, "ಕಸಿ ಅಂದರೆ ಗ್ರಾಫ್ಟಿಂಗ್" ಅಂತ ಬರೆದು, 'ಸಮರುವಿಕೆ' ಎಂದು ತಿದ್ದಿದ್ದಾರೆ. ನಾನು ಹುಟ್ಟಿದಾಗಿನಿಂದ ಕೇಳದ ಮಾತು. ಸಾಲಿಗೆ ಹೆಚ್ಚು ಜಾಗ ಇಲ್ಲ, ಓದಲು ಎರಡೇ ಸೆಕೆಂಡ್. ಏನು ಹಾಕಲಿ?

ಶಿವಮೊಗ್ಗದಿಂದ, ನಿವೃತ್ತ ಮೇಷ್ಟ್ರು:

ಸವರು. ಮುಗಿಯಿತು.

ಸಮರು ತಪ್ಪಲ್ಲ. ಸಮರು, ಸವರು ಎರಡೂ ಒಂದೇ. ಕುಮಾರ ಕುವರ ಆಗಿಲ್ಲವೇ? ಆದರೆ ಈಗ ಅಂತರ್ಜಾಲದಲ್ಲಿ ಕಾಣುವ 'ಸಮರುವಿಕೆಯನ್ನು' ಯಂತ್ರ ಉಗುಳಿದ್ದು. ತೋಟದ ಬಗ್ಗೆ ಯಾವ ಪುಟ ತೆಗೆದರೂ "ಗುಲಾಬಿಯ ಸಮರುವಿಕೆಯನ್ನು" ಅಂತ ಶೀರ್ಷಿಕೆ. ಕರ್ಮ ವಿಭಕ್ತಿ ಇದೆ, ಕ್ರಿಯಾಪದ ಇಲ್ಲ. ಅದನ್ನು ನೋಡಿ ನೋಡಿ ನಿಮ್ಮ ಬೆಂಗಳೂರಿನವರಿಗೆ ಕಣ್ಣು ಪಳಗಿದೆ.

ಕೊಪ್ಪದಿಂದ, ತೋಟದವರು:

ಮೇಷ್ಟ್ರೇ, ಸವರು ಅಂದರೆ ತಲೆ ಸವರು, ಎಣ್ಣೆ ಸವರು ಅಂತಲೂ ಆಗುತ್ತದಲ್ಲ. ಕತ್ತರಿ ಕಾಣದೆ ಬರೀ ಅಜ್ಜಿ ಮುಖ ಕಂಡು, ಕೆಳಗೆ "ಗಿಡವನ್ನು ಚೆನ್ನಾಗಿ ಸವರಿ" ಅಂತ ಬಂದರೆ ನೋಡಿದವರು ಎಂತ ಅಂದುಕೊಳ್ಳಬೇಕು ಮಾರಾಯ್ರೆ?

ಮೇಡಂ, ನಿಮ್ಮ ಮನೆಯವರು ಸರಿ. ನಮ್ಮಲ್ಲಿ ಕೊಯ್ಲು ಮುಗಿದ ಮೇಲೆ ಮಾಡುವುದು ಗಿಡಕಸಿ. ನೆರಳಿನ ಮರದ ಕೊಂಬೆ ಇಳಿಸುವುದು ಮರಕಸಿ. ಆಳು ಕರೆಯುವಾಗ "ಕಸಿ ಕೆಲಸ ಉಂಟು" ಅಂದರೆ ಯಾರೂ ಗ್ರಾಫ್ಟಿಂಗ್ ಚಾಕು ಹಿಡಿದುಕೊಂಡು ಬರುವುದಿಲ್ಲ. ಅದರೊಳಗೇ ಬೇರೆ ಬೇರೆ ಹೆಸರಿದೆ. ನೇರ ಮೇಲೆ ಏಳುವ ಕಂಬಚಿಗುರು ಕೀಳುವುದು ಒಂದು. ನೆತ್ತಿ ಬಿಡಿಸುವುದು ಇನ್ನೊಂದು, ಅಂದರೆ ಗಿಡದ ನಡುವೆ ಹೆಣೆದುಕೊಂಡದ್ದನ್ನೆಲ್ಲ ತೆಗೆದು ಬೆಳಕಿಗೆ ದಾರಿ ಮಾಡುವುದು. ಮಾಡಿದ್ದು ಸರಿಯಾಯಿತೋ ಇಲ್ಲವೋ ನೋಡಲು ನಮ್ಮಪ್ಪ ಗಿಡದೊಳಗೆ ಕೈ ಹಾಕುತ್ತಿದ್ದರು. ಅಂಗೈ ಮೇಲೆ ಬಿಸಿಲು ಬಿದ್ದರೆ ಮುಂದಿನ ಗಿಡ, ಬೀಳದಿದ್ದರೆ ಬೈಗುಳ. ಅರೇಬಿಕಾ ಎರಡೂವರೆ ಅಡಿ ಬಂದಾಗ ತುದಿ ಮುರಿಯುತ್ತೇವೆ. ನಿಮ್ಮ ಅಜ್ಜಿಯ ಟಾಪಿಂಗ್ ಅದೇ ತಾನೇ? ನೆಲಮಾಳಿಗೆಯಲ್ಲಿ ಬಿಸಿಲಿಲ್ಲ ಅನ್ನೋದೊಂದೇ ವ್ಯತ್ಯಾಸ.

ಮೈಸೂರಿನಿಂದ:

'ಕಸಿ' ಬಂದಿರುವುದು 'ಕಸಿದುಕೊಳ್ಳು' ಎಂಬಲ್ಲಿಂದ. ಗಿಡದಿಂದ ಕಿತ್ತುಕೊಳ್ಳುವುದೇ ಮೂಲ ಅರ್ಥ, ಕೂಡಿಸುವುದು ಆಮೇಲೆ ಅಂಟಿದ್ದು. ಹಿಂದೆಯೂ ಇಲ್ಲಿ ಬರೆದಿದ್ದೆ, ಯಾರೂ ಓದಲಿಲ್ಲ.

ಇರಲಿ, ನನ್ನ ತಕರಾರು ಬೇರೆ. ಗಾಂಜಾ ಯಾಕೆ? ನಮಗೆ 'ಬಂಗಿ ಸೊಪ್ಪು' ಇದೆ. ಮಹಾಪ್ರಾಣ ಬೇಡ, ಬಾಯಲ್ಲಿ ಇಲ್ಲದ್ದನ್ನು ಬರಹದಲ್ಲಿ ಯಾಕೆ ಹೊರಬೇಕು? ಅದೂ ಬೇಡ ಅಂದರೆ 'ಸೆಣಬು' ಅನ್ನಿ. ಅಚ್ಚಗನ್ನಡ.

ಶಿವಮೊಗ್ಗದಿಂದ, ನಿವೃತ್ತ ಮೇಷ್ಟ್ರು:

ಓದಿದ್ದೆ. ಊಹೆಯನ್ನು ಊಹೆ ಅಂತ ಬರೆಯಿರಿ. ಮಹಾಪ್ರಾಣ ತೆಗೆದ ಕೂಡಲೇ ಭಂಗಿ ಅಚ್ಚಗನ್ನಡ ಆಗಿಬಿಡುತ್ತದೋ?

ಸಾಗರದಿಂದ:

ಸೆಣಬು ಅಂತ ಮಾತ್ರ ಹಾಕಬೇಡಿ ದಯವಿಟ್ಟು. ನಾವು ನಾಟಿಗೆ ಮೊದಲು ಗದ್ದೆಗೆ ಅಪ್ಸೆಣಬು ಎರಚಿ, ಬೆಳೆದ ಮೇಲೆ ಹಸಿರುಗೊಬ್ಬರಕ್ಕೆ ಉಳುತ್ತೇವೆ. ಅದು ದ್ವಿದಳ ಜಾತಿ, ಹಳದಿ ಹೂ ಬಿಡುತ್ತದೆ. ಗೋಣಿಚೀಲದ ಸೆಣಬು ಮತ್ತೊಂದು ಗಿಡ. ಗಾಂಜಾಕ್ಕೆ ಇವೆರಡೂ ನೆಂಟರಲ್ಲ. ನೀವು ಅಲ್ಲಿ ಕೂತು ಪದ ಬದಲಿಸಿ, ಇಲ್ಲಿ ಪೊಲೀಸರು ನಮ್ಮ ಗದ್ದೆಗೆ ಇಳಿಯಲಿ.

'ಭಂಗಿ' ಕೂಡ ಕಷ್ಟ. "ಭಂಗಿ ಸರಿಯಾಗಿ ಬರಲು ದಿನಾ ಗಮನ ಕೊಡಿ" ಅಂದರೆ ಯೋಗಾಸನ ಅಂದುಕೊಳ್ಳುತ್ತಾರೆ.

ಶಿವಮೊಗ್ಗದಿಂದ, ಕೋರ್ಟಿನ ಕಡೆಯವನು:

ಒಂದು ಮಾತು. 1985ರ ಮಾದಕವಸ್ತು ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ. ಆ ತುದಿ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅಂಟಿನಿಂದ ಮಾಡಿದ್ದು ಚರಸ್. ಆದ್ದರಿಂದ ಪತ್ರಿಕೆಯಲ್ಲಿ ಬರುವ 'ಗಾಂಜಾ ಸೊಪ್ಪು' ನನಗೆ ಯಾವಾಗಲೂ ಕಿರಿಕಿರಿ. ಗಿಡಕ್ಕೆ 'ಗಾಂಜಾ ಗಿಡ' ಅನ್ನಿ, ತಪ್ಪಾಗುವುದಿಲ್ಲ. ಅಜ್ಜಿ ತೆಗೆಯುವ ಎಲೆಗೆ ಬರೀ 'ಎಲೆ' ಸಾಕು. ಹಾಗೇ, ಇದು ಕೆನಡಾದ ವಿಷಯ ಅಂತ ಮೊದಲ ಸಾಲಲ್ಲೇ ಬರಲಿ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬೆಳೆಸಿದರೆ 20ನೇ ಕಲಂ, ಹತ್ತು ವರ್ಷದವರೆಗೆ ಶಿಕ್ಷೆ. ಕುಂಡದಲ್ಲಾದರೂ ಅಷ್ಟೇ.

ವಿಜಯಪುರದಿಂದ:

ನಮ್ಮ ಕಡೆ ದ್ರಾಕ್ಷಿಗೆ ಚಾಟ್ನಿ ಅಂತೀವಿ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ. ಎರಡೂ ಬೇರೆ ಬೇರೆ ಕೆಲಸ, ಮೊದಲನೇದು ಕಡ್ಡಿ ಸಲುವಾಗಿ, ಎರಡನೇದು ಹಣ್ಣಿನ ಸಲುವಾಗಿ. ಇದನ್ನೇ ಹಾಕ್ರಿ.

ಮೈಸೂರಿನಿಂದ:

ಅದು ಮರಾಠಿ.

ವಿಜಯಪುರದಿಂದ:

ಆಗಲಿ ಬಿಡ್ರಿ. ಮರಾಠಿ ಅಂತ ದ್ರಾಕ್ಷಿ ಹುಳಿ ಆಗಿಲ್ಲ.

ಕೊಪ್ಪದಿಂದ, ತೋಟದವರು:

ನಮ್ಮ ಕಡೆಯವರು ಓದಿದರೆ ಅಜ್ಜಿ ಗಾಂಜಾ ಚಟ್ನಿ ಅರೆಯುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಮೈಸೂರಿನಿಂದ:

ನಗುವ ವಿಷಯ ಅಲ್ಲ. ಒಂದೊಂದು ಜಿಲ್ಲೆ ಒಂದೊಂದು ಕಡೆಯಿಂದ ಎರವಲು ತಂದರೆ ಕನ್ನಡ ಎಲ್ಲಿ ಉಳಿಯುತ್ತದೆ? ಇಂಗ್ಲಿಷಿನವರು ನಮ್ಮ ಅಡಿಕೆಯನ್ನು ತೆಗೆದುಕೊಂಡು 'ಅರೆಕಾ' ಮಾಡಿಕೊಂಡರು. ನಾವು ಕೊಡುವವರಾಗಿದ್ದೆವು.

ಸಾಗರದಿಂದ:

ಕೊಟ್ಟವರು ನೀವಲ್ಲ ಸಾರ್. ಅದು ಮಲೆಯಾಳದಿಂದ ಪೋರ್ಚುಗೀಸರ ಬಾಯಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಹೋದದ್ದು. ಅಡಿಕೆ ಬೆಳೆಯುವ ನಮಗೇ ಆ ಹೆಮ್ಮೆ ಇಲ್ಲ, ನಿಮಗೆಲ್ಲಿಂದ ಬಂತು?

ತೀರ್ಥಹಳ್ಳಿಯಿಂದ:

ಎಂಟೂವರೆ ಆಯಿತು. ಅಡಿಕೆ ಆಮೇಲೆ ನೋಡೋಣ, ಅಲ್ವಾ? ಟಾಪಿಂಗ್‌ಗೆ 'ಕುಡಿ ಚಿವುಟುವುದು' ಆಗಬಹುದಾ?

ಕೊಪ್ಪದಿಂದ, ತೋಟದವರು:

ಚಿವುಟುವುದು ಉಗುರಿನ ಕೆಲಸ. ಕುಂಬಳದ ಬಳ್ಳಿ, ಸೇವಂತಿಗೆ, ಇವಕ್ಕೆ ಸರಿ. ಅಜ್ಜಿ ಕೈಯಲ್ಲಿ ಕತ್ತರಿ ಇದೆ ಅಂದಿರಲ್ಲ. 'ಕುಡಿ ಕತ್ತರಿಸುವುದು' ಅನ್ನಿ. 'ಕುಡಿ' ಒಂದನ್ನೇ ಬಿಡಬೇಡಿ. ಗಾಂಜಾದ ವಿಡಿಯೋದಲ್ಲಿ ಬರೀ 'ಕುಡಿ' ಅಂತ ಬಂದರೆ ಬೇರೆ ಅರ್ಥ ಆದೀತು.

ಶಿವಮೊಗ್ಗದಿಂದ, ನಿವೃತ್ತ ಮೇಷ್ಟ್ರು:

ಸವರು ಎಂದು ಆಗಲೇ ಹೇಳಿದ್ದೇನೆ. 'ಟಿಸಿಲು ಸವರಿ' ಎಂದರೆ ಎಣ್ಣೆಯ ಗೊಂದಲ ಬರುವುದಿಲ್ಲ. ಟಿಸಿಲಿಗೆ ಯಾರೂ ಎಣ್ಣೆ ಹಚ್ಚುವುದಿಲ್ಲ.

ಕೊಪ್ಪದಿಂದ, ತೋಟದವರು:

ಇದು ಒಪ್ಪಿದೆ. ಆದರೂ ಕಸಿಯೇ ಸರಿ.

ತೀರ್ಥಹಳ್ಳಿಯಿಂದ:

ಕಳಿಸಿದೆ. ಎಲ್ಲರಿಗೂ ಥ್ಯಾಂಕ್ಸ್. ಗಿಡಕ್ಕೆ 'ಗಾಂಜಾ ಗಿಡ', ಟಾಪಿಂಗ್‌ಗೆ 'ಕುಡಿ ಕತ್ತರಿಸುವುದು', ಉಳಿದ ಕಡೆ 'ಟಿಸಿಲು ಸವರುವುದು'. ಒಂದೇ ಒಂದು ಕಡೆ ಕಸಿ ಬಿಟ್ಟಿದ್ದೇನೆ. ಅಜ್ಜಿ ಕೆಲಸ ಮುಗಿಸಿ ಬೆನ್ನು ನೆಟ್ಟಗೆ ಮಾಡಿಕೊಂಡು ಒಂದು ಮಾತು ಹೇಳುತ್ತಾರೆ. ಅಲ್ಲಿ "ಇವತ್ತಿಗೆ ಕಸಿ ಮುಗೀತು" ಅಂತ ಬರೆದೆ. ನಮ್ಮಮ್ಮನ ದನಿಯಲ್ಲೇ ಕೇಳಿಸಿತು, ತೆಗೆಯಲು ಮನಸ್ಸು ಬರಲಿಲ್ಲ.

ಬೆಂಗಳೂರಿನಿಂದ ಆಗಲೇ ಉತ್ತರ ಬಂದಿದೆ. ಕಸಿ ಅವರ ಕಣ್ಣಿಗೆ ಬಿದ್ದಿಲ್ಲ. 'ಗೆಣ್ಣು' ಅಂದರೆ ಏನು ಅಂತ ಕೇಳಿದ್ದಾರೆ.