ಮತಗಟ್ಟೆ ಬಾಗಿಲ ತನಕ ಹೋಗಿ ವಾಪಸ್ ಬಂದವರು

ಮೂರನೇ ಕ್ರಾಸ್, ಮೂಲೆ ಮನೆ:
ಎಲ್ಲರಿಗೂ ನಮಸ್ಕಾರ ರೀ. 2021ರ ಸೆಪ್ಟೆಂಬರ್ 3ರಂದು ಬೆಳಗಾವಿ ಪಾಲಿಕೆಯ 58 ವಾರ್ಡ್‌ಗಳಿಗೆ ಮತದಾನ ಆಯಿತು. ಓಟು ಹಾಕಿದವರು ಹೆಚ್ಚುಕಡಿಮೆ ಅರ್ಧ ಜನ. ಗಟಾರ, ಬೀದಿದೀಪ, ಕಸದ ಗಾಡಿ ಅಂತ ನಮ್ಮ ಓಣಿಯ ಈ ಗ್ರೂಪ್‌ನಲ್ಲಿ ದಿನಾ ಬರೆಯುತ್ತೇವೆ. ಅದನ್ನೆಲ್ಲ ನೋಡಿಕೊಳ್ಳುವ ಪಾಲಿಕೆಯ ಚುನಾವಣೆಗೆ ಅರ್ಧ ಊರು ಮನೆಯಲ್ಲಿತ್ತು.

ಜನ ಸೋಮಾರಿಗಳು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅವತ್ತು ನಮ್ಮ ಅತ್ತೆಯನ್ನು ಮತಗಟ್ಟೆ ಇದ್ದ ಶಾಲೆಗೆ ಕರೆದುಕೊಂಡು ಹೋಗಿದ್ದೆ. ಹಿಂದಿನ ದಿನ ಕಾರ್ಯಕರ್ತರು ಕೊಟ್ಟ ಚೀಟಿ ಅವರ ಕೈಯಲ್ಲಿತ್ತು. ಒಂದು ಬದಿ ಅಭ್ಯರ್ಥಿಯ ಫೋಟೋ, ಚಿಹ್ನೆ. ಇನ್ನೊಂದು ಬದಿ ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ. ಗೇಟಿನಲ್ಲಿ ಪೊಲೀಸರು ‘ಇದನ್ನು ಒಳಗೆ ಒಯ್ಯಬೇಡಿ’ ಅಂದರು. ಅವರು ಹೇಳಿದ್ದು ಸರಿ. ಆದರೆ ನಂಬರ್ ಇದ್ದದ್ದು ಅದರಲ್ಲೇ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತ ಮೇಲೆ ‘ನಿಮ್ಮ ಹೆಸರು ಈ ಕೋಣೆಯಲ್ಲಿಲ್ಲ ಅವ್ವಾರ’ ಅಂದರು. ಅತ್ತೆ ಮೊಣಕಾಲು ಒತ್ತಿಕೊಳ್ಳುತ್ತ ಕಟ್ಟೆ ಮೇಲೆ ಕೂತರು. ‘ಸಾಕು, ಮನೆಗೆ ನಡಿ’ ಅಂದರು. ಓಟು ಹಾಕಲಿಲ್ಲ.

ಮೊದಲನೇ ಕ್ರಾಸ್, ಕಿರಾಣಿ ಅಂಗಡಿ:
ನಿಜ ಅಕ್ಕಾರ. ಗೇಟಿನ ಎದುರಿನ ಕಂಬಕ್ಕೂ ಬ್ಯಾನರ್ ಇತ್ತು. ಶಾಲು ಹಾಕಿಕೊಂಡ ಹುಡುಗರು ಕೈ ಮುಗಿಯುತ್ತ ನಿಂತಿದ್ದರು. ನಮ್ಮ ಮನೆಯವರು ‘ಯಾರ ಕಡೆ ಹೋದೆವು ಅಂತ ನೋಡ್ತಾರೆ’ ಅಂತ ಹೆದರಿ ಸಂಜೆ ಹೋದರಾಯಿತು ಅಂದರು. ಸಂಜೆ ಹೋಗಲೇ ಇಲ್ಲ.

ಎರಡನೇ ಕ್ರಾಸ್, ನಿವೃತ್ತ ಮಾಸ್ತರ:
ನಾನು ಭಾಳ ಸಲ ಚುನಾವಣೆ ಡ್ಯೂಟಿ ಮಾಡಿದವನು. ಮತಗಟ್ಟೆಯ 100 ಮೀಟರ್ ಒಳಗೆ ಪ್ರಚಾರ ಮಾಡುವಂತಿಲ್ಲ, ಬ್ಯಾನರೂ ಇರುವಂತಿಲ್ಲ. ಚೀಟಿ ಬರೀ ಬಿಳಿ ಹಾಳೆಯಲ್ಲಿರಬೇಕು, ಹೆಸರು ಚಿಹ್ನೆ ಬೇಡ ಅಂತ ನೀತಿ ಸಂಹಿತೆಯಲ್ಲೇ ಇದೆ. ಬ್ಯಾನರ್ ಕಂಡರೆ ಯಾರೂ ಕೀಳಲು ಹೋಗಬೇಡಿ, ಸುಮ್ನೆ ಜಗಳ ಆಗುತ್ತೆ. ಫೋಟೋ ತೆಗೆದು ಚುನಾವಣಾಧಿಕಾರಿಗೆ ಬರವಣಿಗೆಯಲ್ಲಿ ಕೊಡೋಣ. ಹತ್ತು ಜನರ ಸಹಿ ಇರಲಿ.

ಐದನೇ ಕ್ರಾಸ್, ಬಾಡಿಗೆ ಮನೆ:
ಸರ್, ನಮ್ಮ ಹೆಸರು ಇನ್ನೂ ಹಳೇ ಮನೆಯ ವಿಳಾಸದಲ್ಲಿದೆ. ಮುಂದಿನ ಚುನಾವಣೆ ಬಂದಾಗ ನೋಡಿದರಾಯಿತಾ?

ಎರಡನೇ ಕ್ರಾಸ್, ನಿವೃತ್ತ ಮಾಸ್ತರ:
ಬೇಡಪ್ಪಾ, ಈಗಲೇ ಮಾಡಿಸು. ವಾರ್ಡ್ ಪಟ್ಟಿ ಮಾಡುವುದೇ ವಿಧಾನಸಭೆಯ ಮತದಾರರ ಪಟ್ಟಿಯಿಂದ. ವಿಳಾಸ ಬದಲಿಗೆ ನಮೂನೆ 8, ಹೊಸ ಹೆಸರಿಗೆ ನಮೂನೆ 6. ಮೊಬೈಲ್‌ನಲ್ಲೇ ಆಗುತ್ತೆ. ಗೊತ್ತಾಗದಿದ್ದರೆ 1950ಕ್ಕೆ ಫೋನ್ ಮಾಡು.

ಮೂರನೇ ಕ್ರಾಸ್, ಮೂಲೆ ಮನೆ:
ಹಾಗಾದರೆ ಚೀಟಿ ನಾವೇ ಬರೆಯೋಣ. ಬಿಳಿ ಹಾಳೆ, ದೊಡ್ಡ ಅಕ್ಷರ. ಹೆಸರು, ಭಾಗ, ಕ್ರಮ ಸಂಖ್ಯೆ, ಕೋಣೆ, ಇಷ್ಟೇ. ಯಾರಿಗೆ ಹಾಕಿ ಅಂತ ಒಂದು ಮಾತೂ ಬೇಡ. ವಯಸ್ಸಾದವರ ಮನೆಗೆ ಮೊದಲು ಹೋಗೋಣ. ಮೂರನೇ ಕ್ರಾಸ್ ನನ್ನದು. ಉಳಿದದ್ದು ಯಾರು?

ಮೊದಲನೇ ಕ್ರಾಸ್, ಕಿರಾಣಿ ಅಂಗಡಿ:
ಮೊದಲನೆಯದು ನಾನು. ಅಂಗಡಿಯಲ್ಲಿ ಪಟ್ಟಿ ಇಡ್ತೀನಿ, ಹಾಲಿಗೆ ಬಂದವರು ಹೆಸರು ನೋಡಿಕೊಳ್ಳಲಿ.

ಐದನೇ ಕ್ರಾಸ್, ಬಾಡಿಗೆ ಮನೆ:
ನಮೂನೆ 8 ಇವತ್ತೇ ತುಂಬುತ್ತೇನೆ. ಮನೆಮನೆಗೆ ಹೋಗಲು ರವಿವಾರ ನನ್ನ ರಿಕ್ಷಾ ಇರುತ್ತೆ. ಮತದಾನದ ದಿನ ನಿಮ್ಮ ಅತ್ತೆಯನ್ನು ಕರೆದುಕೊಂಡು ಹೋಗೋದು ನನಗೆ ಬಿಡಿ ಅಕ್ಕಾರ.